ಹಳೇ ಡಿಬಿಎಫ್, ಎಂಡಿಬಿ ಕಡತ ಹೊಸ ಕಂಪ್ಯೂಟರಿಗೆ: ಮೂರು ದಾರಿಗಳ ಹೋಲಿಕೆ

ಮುಂಬೈ, ಪುಣೆಯ ಕನ್ನಡ ಸಂಘಗಳಿಂದ ನಮ್ಮ ಕೈಗೆ ಬರುವ ಹಳೇ ಸದಸ್ಯರ ಪಟ್ಟಿ ಹೆಚ್ಚಾಗಿ ಫಾಕ್ಸ್‌ಪ್ರೋ ಎಂಬ ಹಳೇ ಡೇಟಾಬೇಸ್ ತಂತ್ರಾಂಶದ ಡಿಬಿಎಫ್ ಕಡತ, ಇಲ್ಲವೇ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 97ರ ಎಂಡಿಬಿ ಕಡತ. ಹೆಸರು ನುಡಿ ಫಾಂಟಿನಲ್ಲಿ, ಮರಾಠಿ ವಿಳಾಸ ಶ್ರೀಲಿಪಿಯಲ್ಲಿ (ಎರಡೂ ಯೂನಿಕೋಡ್ ಅಲ್ಲದ ಹಳೇ ಫಾಂಟುಗಳು), ಉಳಿದದ್ದು ಇಂಗ್ಲಿಷಿನಲ್ಲಿ. ಇಂಥ ಕಡತಗಳ ಮೇಲೆ ಮೂರು ದಾರಿಗಳನ್ನೂ ಓಡಿಸಿ ನೋಡಿದ್ದೇವೆ. ಬೇಗ ತೆರೆದುಕೊಳ್ಳುವ ದಾರಿಗಿಂತ ಬೈಟುಗಳನ್ನು, ಅಂದರೆ ಕಡತದಲ್ಲಿ ಅಕ್ಷರಗಳು ಕೂತಿರುವ 0ಯಿಂದ 255ರ ಸಂಖ್ಯೆಗಳನ್ನು, ಮುಟ್ಟದ ದಾರಿಯೇ ಮೇಲು.

ಮೊದಲನೆಯದು ಹೊಸ ಆಕ್ಸೆಸ್. 2013ರ ಆವೃತ್ತಿಯಲ್ಲಿ ಡಿಬಿಎಫ್ ಬೆಂಬಲವನ್ನು ತೆಗೆದರು, 2016ರಲ್ಲಿ ಆಫೀಸ್ 365ಕ್ಕೆ ಮರಳಿ ಕೊಟ್ಟರು. 97ರ ಎಂಡಿಬಿಗೆ ಅದೂ ಇಲ್ಲ. ಆಕ್ಸೆಸ್ 2010 ಇರುವ ಯಂತ್ರ ಹುಡುಕಿ ಅಲ್ಲಿ ಬದಲಿಸಿ ತರಬೇಕು. ಪ್ರೊವೈಡರ್ ನೋಂದಣಿಯಾಗಿಲ್ಲ ಎಂಬ ದೋಷ ಬಂದರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ. ಎಂಡಿಬಿ ಓದಿಕೊಡುವ ಪ್ರೊವೈಡರ್ ಆದ ಜೆಟ್ 4.0 ಇರುವುದು 32 ಬಿಟ್‌ನಲ್ಲಿ ಮಾತ್ರ. ಅದನ್ನು ಕೇಳುತ್ತಿರುವುದು 64 ಬಿಟ್ ಪ್ರೋಗ್ರಾಂ. 32 ಬಿಟ್‌ನ ಓಡಿಬಿಸಿ (ಡೇಟಾಬೇಸ್ ಜೋಡಣೆ) ಕಿಟಕಿ ಇರುವುದು ಸಿಸ್‌ವಾವ್64 ಫೋಲ್ಡರಿನಲ್ಲಿ, ಸಿಸ್ಟಮ್32ರಲ್ಲಿ ಅಲ್ಲ.

ಎರಡನೆಯದು ಲಿಬ್ರೆಆಫೀಸ್ ಕ್ಯಾಲ್ಕ್. ಪುಕ್ಕಟೆ, ಡಿಬಿಎಫ್ ನೇರವಾಗಿ ತೆರೆಯುತ್ತದೆ. ಆದರೆ ಹೆಚ್ಚಿನ ಹಾಳು ಆಗುವುದೂ ಇಲ್ಲೇ, ಕ್ಯಾರೆಕ್ಟರ್ ಸೆಟ್ (ಯಾವ ಬೈಟಿಗೆ ಯಾವ ಅಕ್ಷರ ಎಂಬ ಪಟ್ಟಿ) ಆರಿಸುವಾಗ. ನುಡಿಯಲ್ಲಿ ‘ಕನ್ನಡ’ ಎಂದರೆ ಏಳು ಬೈಟು: 80, 192, 163, 192, 223, 113, 192. ವಿಂಡೋಸ್ 1252 ಆರಿಸಿದರೆ ಏಳೂ ಸರಿಯಾಗಿ ಬರುತ್ತವೆ. ಡಾಸ್ 437 ಆದರೆ 192 ಪೆಟ್ಟಿಗೆಯ ಮೂಲೆಗೆರೆಯಾಗುತ್ತದೆ. ಹಾಗೇ ಸೇವ್ ಮಾಡಿದರೆ ಆಮೇಲೆ ಯಾವ ನುಡಿ ಫಾಂಟ್ ಹಾಕಿದರೂ ಅಕ್ಷರ ಮೂಡುವುದಿಲ್ಲ. ತೆರೆಯುವ ಮುಂಚೆ ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಸೊನ್ನೆಯಿಂದ ಎಣಿಸಿ 29ನೇ ಬೈಟ್ ನೋಡಿ: 3 ಇದ್ದರೆ 1252, 1 ಇದ್ದರೆ 437, 0 ಇದ್ದರೆ ಗುರುತೇ ಹಾಕಿಲ್ಲ. ಗುರುತು 437 ಎಂದಿದ್ದರೂ ಒಳಗೆ ನುಡಿ ಇರಬಹುದು, ಆಗ ಗುರುತನ್ನು ನಂಬಬೇಡಿ.

ಮೂರನೆಯದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಡಿಬಿಎಫ್‌ರೀಡ್ ಎಂಬ ಲೈಬ್ರರಿ. ನಮ್ಮ ಮತ ಇದಕ್ಕೆ. ಎನ್‌ಕೋಡಿಂಗ್ ಲ್ಯಾಟಿನ್-1 ಎಂದು ಕೊಟ್ಟು ಓದಿ, ಅದರಲ್ಲೇ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸರಳ ಪಠ್ಯ ಕಡತ) ಬರೆಯಿರಿ. ಅದು 256 ಬೈಟುಗಳನ್ನೂ ಒಪ್ಪುತ್ತದೆ; 1252 ಎಂದು ಕೊಟ್ಟರೆ 129, 141ರಂಥವು ಸಿಕ್ಕಲ್ಲಿ ಓದು ನಿಂತೇ ಹೋಗುತ್ತದೆ. ಎಫ್‌ಪಿಟಿ ಕಡತ ಅದೇ ಹೆಸರಿನಲ್ಲಿ ಪಕ್ಕದಲ್ಲೇ ಇರಬೇಕು, ಮೆಮೊ ಕಾಲಮ್ಮಿನ ಬರಹವೆಲ್ಲ ಅದರಲ್ಲಿರುತ್ತದೆ. ಅಳಿಸಿದ ದಾಖಲೆಗಳು ಡಿಬಿಎಫ್‌ನಿಂದ ಹೋಗಿರುವುದಿಲ್ಲ, ತಮ್ಮ ಮೊದಲ ಬೈಟಿನಲ್ಲಿ ನಕ್ಷತ್ರ (*) ಹೊತ್ತು ಕೂತಿರುತ್ತವೆ. ಕಡತದ ಶಿರೋಭಾಗದಲ್ಲಿ (ಹೆಡರ್) ಬರೆದಿರುವ ದಾಖಲೆಗಳ ಲೆಕ್ಕಕ್ಕೆ ಅವೂ ಸೇರುತ್ತವೆ. ಡಿಬಿಎಫ್‌ರೀಡ್ ಅವನ್ನು ಬೇರೆಯಾಗಿ ಕೊಡುತ್ತದೆ. ಉಳಿದವು, ಅಳಿಸಿದವು ಎರಡನ್ನೂ ಕೂಡಿಸಿ ಆ ಲೆಕ್ಕದ ಜೊತೆ ತಾಳೆ ನೋಡಿ, ವರ್ಗಣಿ ಕಾಲಮ್ಮಿನ ಮೊತ್ತವನ್ನೂ. 97ರ ಎಂಡಿಬಿಗಾದರೆ ಲಿನಕ್ಸಿನ ಎಂಡಿಬಿ ಟೂಲ್ಸ್ ಸಾಕು, ಆಕ್ಸೆಸ್ ಬೇಡ.

ಯೂನಿಕೋಡಿಗೆ ಬದಲಿಸುವ ಕೆಲಸ ಇದಾದ ಮೇಲೆ, ಕಾಲಂ ಕಾಲಂ ಬೇರೆಯಾಗಿ. ನುಡಿ ಪರಿವರ್ತಕಕ್ಕೆ ಹೆಸರಿನ ಕಾಲಂ ಮಾತ್ರ ಕೊಡಿ; ಶ್ರೀಲಿಪಿಗೆ ಅದರದೇ ಪರಿವರ್ತಕ ಬೇಕು. ಇಂಗ್ಲಿಷ್ ಕಾಲಂ ನುಡಿ ಪರಿವರ್ತಕದೊಳಗೆ ಹೋದರೆ ಮಾಟುಂಗಾ, ಡೊಂಬಿವಲಿ ಎಲ್ಲ ಅರ್ಥವಿಲ್ಲದ ಕನ್ನಡ ತುಣುಕುಗಳಾಗಿ ಹೊರಬರುತ್ತವೆ.

ಕೊನೆಗೆ ಬಂದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಮುಂಬೈಯ 022, ಪುಣೆಯ 020, ಗೋವಾದ 0832 ಮೂರರ ಮುಂದಿನ ಸೊನ್ನೆಯೂ ಹಾರಿಹೋಗುತ್ತದೆ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಫೋನು ಮತ್ತು ಸದಸ್ಯ ಸಂಖ್ಯೆಯ ಕಾಲಂಗಳಿಗೆ ಟೆಕ್ಸ್ಟ್ ಎಂದು ಕೊಡಿ.