ಮೊಲವನ್ನು ಉಪವಾಸ ಕೆಡವಿ ಕಾರು ಹತ್ತಿಸಬೇಡಿ

ಮೊಲವನ್ನು ಕಾರಿನಲ್ಲಿ ದೂರದ ಊರಿಗೆ ಕರೆದುಕೊಂಡು ಹೊರಟಿದ್ದೀರಾ? "ಹಿಂದಿನ ರಾತ್ರಿಯಿಂದಲೇ ಏನೂ ತಿನ್ನಿಸಬೇಡಿ, ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಆ ಮಾತು ಕೇಳಬೇಡಿ. ಹೇಳಿದವರು ಡಾಕ್ಟರೇ ಆಗಿದ್ದರೂ ಕೇಳಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ನಾಯಿಗೆ, ಬೆಕ್ಕಿಗೆ ಹೇಳುವ ಮಾತನ್ನು ಮೊಲಕ್ಕೂ ಹೇಳಿಬಿಟ್ಟರೆ ಏನಾಗುತ್ತದೆ ಎಂದು ನಮ್ಮ ಮೊಲ ಬೆಳ್ಳಿಯ ಪಾಡಿನಲ್ಲಿ ನೋಡಿಬಿಟ್ಟಿದ್ದೇವೆ. ಇನ್ನೊಬ್ಬರ ಮನೆಯ ಮೊಲಕ್ಕೆ ಹಾಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಮನೆ ಬದಲಾಯಿಸುತ್ತಿದ್ದೆವು. ಇಡೀ ಹಗಲಿನ ಪ್ರಯಾಣ. ಬೆಳ್ಳಿಯನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಹೊರಡುವ ಮೊದಲು ಒಮ್ಮೆ ತೋರಿಸಿಬಿಡೋಣ ಎಂದು ಹತ್ತಿರದ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಗೆ ಬರುವುದು ಹೆಚ್ಚಾಗಿ ನಾಯಿ, ಬೆಕ್ಕುಗಳೇ. ಮೊಲ ಆರೋಗ್ಯವಾಗಿದೆ ಎಂದರು. ರಾತ್ರಿಯಿಂದ ಹೊಟ್ಟೆ ಖಾಲಿ ಇರಲಿ, ಕ್ಯಾರಿಯರ್‌ನಲ್ಲಿ, ಅಂದರೆ ಮೊಲವನ್ನು ಕೂರಿಸಿ ಒಯ್ಯುವ ಪೆಟ್ಟಿಗೆಯಲ್ಲಿ, ಹುಲ್ಲು ಬೇಡ, ಪೇಪರ್ ಹಾಸಿದರೆ ಸಾಕು ಎಂದರು. ಅವರು ಹೇಳಿದಂತೆಯೇ ಹೊರಟೆವು.

ದಾರಿಯುದ್ದಕ್ಕೂ ಬೆಳ್ಳಿ ಒಂದು ಸದ್ದೂ ಮಾಡಲಿಲ್ಲ. ಮೂಲೆಗೆ ಒತ್ತಿಕೊಂಡು, ಕಿವಿಗಳನ್ನು ಬೆನ್ನಿಗೆ ಅಂಟಿಸಿಕೊಂಡು, ಕಣ್ಣು ಅಗಲ ಮಾಡಿಕೊಂಡು ಕೂತಿದ್ದಳು. ಜೊತೆಗಿದ್ದವರೆಲ್ಲ "ಎಷ್ಟು ಜಾಣೆ ನೋಡು" ಅಂದರು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವಿ. ಹೆದರಿದರೆ ಸಾಮಾನ್ಯವಾಗಿ ಕೂಗುವುದಿಲ್ಲ, ಕಲ್ಲಿನಂತೆ ಕೂತುಬಿಡುತ್ತದೆ. ನೋವಾದರೂ ತೋರಿಸಿಕೊಳ್ಳುವುದಿಲ್ಲ. ನಾಯಿ ಕಾರಿನಲ್ಲಿ ಸುಮ್ಮನೆ ಮಲಗಿದ್ದರೆ ಆರಾಮಾಗಿದೆ ಅಂದುಕೊಳ್ಳಬಹುದು. ಮೊಲ ಸುಮ್ಮನಿದೆ ಎಂದರೆ ಹಾಗಂದುಕೊಳ್ಳುವಂತಿಲ್ಲ. ಅದು ಹುಲ್ಲು ತಿನ್ನುತ್ತಿದೆಯಾ, ಹಿಕ್ಕೆ ಹಾಕುತ್ತಿದೆಯಾ ಎಂದು ನೋಡಬೇಕು. ಈ ಎರಡರಿಂದಲೇ ಅದರ ನಿಜವಾದ ಸ್ಥಿತಿ ಗೊತ್ತಾಗುವುದು. ನಮ್ಮಲ್ಲಿ ತಿನ್ನಲು ಹುಲ್ಲೂ ಇರಲಿಲ್ಲ, ಹಾಸಿದ ಪೇಪರ್ ಮೇಲೆ ಹಿಕ್ಕೆಯೂ ಇರಲಿಲ್ಲ.

ಸಂಜೆ ತಲುಪಿದ ಮೇಲೆ ಹುಲ್ಲು ಇಟ್ಟೆವು. ಮೂಸಿಯೂ ನೋಡಲಿಲ್ಲ. ಅವಳಿಗೆ ಪ್ರಾಣವಾದ ಕೊತ್ತಂಬರಿ ಸೊಪ್ಪನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿದಳು. ಬೆನ್ನು ಗೂನು ಮಾಡಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಹಲ್ಲು ಕಡಿಯುವ ಸದ್ದು ಕೇಳಿಸಿತು. ಮೊಲ ಖುಷಿಯಲ್ಲಿದ್ದಾಗಲೂ ಹಲ್ಲನ್ನು ಮೆಲ್ಲಗೆ ಉಜ್ಜುತ್ತದೆ. ಇದು ಅದಲ್ಲ. ಇದು ಜೋರಾಗಿ, ಬಿಟ್ಟು ಬಿಟ್ಟು ಬರುವ ಕಟಕಟ ಸದ್ದು. ನೋವಿನದು. ಕಿವಿ ಮುಟ್ಟಿದರೆ ತಣ್ಣಗಿತ್ತು.

ಆಮೇಲೆ ಹೊಸ ಊರಿನಲ್ಲಿ, ರಾತ್ರಿ ಹೊತ್ತಿನಲ್ಲಿ, ಫೋನ್ ಮೇಲೆ ಫೋನ್. "ನಾವು ಮೊಲ ನೋಡಲ್ಲ" ಎನ್ನುವ ಉತ್ತರವೇ ಎಲ್ಲ ಕಡೆ. ಕೊನೆಗೆ ಮೊಲಗಳನ್ನು ನೋಡುವ ಡಾಕ್ಟರ್ ಒಬ್ಬರು ಸಿಕ್ಕರು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕರುಳಿನ ಸದ್ದೇ ಇಲ್ಲ. ಮೊಲದ ಮೈಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಳ್ಳಿಯದು ಅದಕ್ಕಿಂತ ಕೆಳಗೆ ಇಳಿದಿತ್ತು. ಇದಕ್ಕೆ ಜಿಐ ಸ್ಟೇಸಿಸ್ ಎನ್ನುತ್ತಾರೆ, ಅಂದರೆ ಕರುಳು ಕೆಲಸ ನಿಲ್ಲಿಸುವುದು.

ಅವರು ವಿವರಿಸಿದ್ದು ಹೀಗೆ. ಮೊಲದ ಕರುಳು ಸದಾ ನಡೆಯುತ್ತಲೇ ಇರಬೇಕು. ಅದನ್ನು ನಡೆಸುವುದು ಹುಲ್ಲಿನ ನಾರು. ನಾರು ಬರುವುದು ನಿಂತರೆ ಕರುಳು ನಿಧಾನವಾಗುತ್ತದೆ, ಒಳಗಿನ ಆಹಾರ ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬಿ ನೋವು ಶುರುವಾಗುತ್ತದೆ. ನೋವು ಬಂದರೆ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ಇನ್ನೂ ನಿಧಾನ. ಭಯವೊಂದೇ ಸಾಕು ಈ ಸುತ್ತು ಶುರುವಾಗಲು. ನಮ್ಮ ಬೆಳ್ಳಿಗೆ ಭಯ, ಉಪವಾಸ ಎರಡೂ ಸೇರಿತ್ತು. ಇದರ ಜೊತೆಗೆ, ಹೊಟ್ಟೆಗೆ ಏನೂ ಬೀಳದಿದ್ದಾಗ ಮೈಯ ಕೊಬ್ಬು ಕರಗಿ ಲಿವರ್‌ಗೆ ಹೋಗಿ ತುಂಬಿಕೊಂಡು ಅದೂ ಕೆಡುತ್ತದೆ. ಮೊಲ 10ರಿಂದ 12 ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಸ್ಥಿತಿ. ಆಪರೇಷನ್‌ಗೆ ಮುಂಚೆ ಕೂಡ ಮೊಲವನ್ನು ನಾಯಿಯಂತೆ ರಾತ್ರಿಯಿಡೀ ಉಪವಾಸ ಇಡುವುದಿಲ್ಲವಂತೆ. ಇಷ್ಟು ಮೂಲ ವಿಷಯ ಗೊತ್ತಿಲ್ಲದವರು ಮೊಲಕ್ಕೆ ಸಲಹೆ ಕೊಡುತ್ತಾರಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. "ನಮಗೆ ಮೊಲದ ಬಗ್ಗೆ ಗೊತ್ತಿಲ್ಲ, ಬೇರೆಯವರನ್ನು ಕೇಳಿ" ಎಂದಿದ್ದರೆ ಸಾಕಿತ್ತು.

ಮೊದಲು ಮೈ ಬೆಚ್ಚಗೆ ಮಾಡಿದರು. ಚರ್ಮದ ಕೆಳಗೆ ದ್ರವ ಕೊಟ್ಟರು, ನೋವಿನ ಔಷಧಿ ಕೊಟ್ಟರು. ಎಕ್ಸ್‌ರೇ ತೆಗೆದು ಎಲ್ಲೂ ಅಡ್ಡ ಸಿಕ್ಕಿಕೊಂಡಿಲ್ಲ ಎಂದು ನೋಡಿದ ಮೇಲೇ ಸಿರಿಂಜ್‌ನಲ್ಲಿ ಹುಲ್ಲಿನ ಪುಡಿಯ ಗಂಜಿ ಕುಡಿಸಿದರು. ಈ ಕ್ರಮ ನೆನಪಿಡಿ. ತಿನ್ನುತ್ತಿಲ್ಲ ಎಂದು ಮನೆಯಲ್ಲೇ ಬಾಯಿಗೆ ತುರುಕಲು ಹೋಗಬೇಡಿ. ಕರುಳಿನಲ್ಲಿ ನಿಜವಾಗಿ ಏನಾದರೂ ಸಿಕ್ಕಿಕೊಂಡಿದ್ದರೆ ಅದರಿಂದಲೇ ಪ್ರಾಣ ಹೋಗಬಹುದು. ಬೆಳ್ಳಿ ಉಳಿದಳು. ಆದರೆ ಡಾಕ್ಟರ್ ಸಿಗುವುದು ಬೆಳಗ್ಗೆಯಾಗಿದ್ದರೆ ಉಳಿಯುತ್ತಿದ್ದಳು ಎಂದು ನನಗೆ ಅನಿಸುವುದಿಲ್ಲ.

ಹಾಗಾಗಿ ಹೊರಡುವ ಗಳಿಗೆಯವರೆಗೂ ತಿನ್ನಿಸಿ. ಕ್ಯಾರಿಯರ್ ತುಂಬ ಒಣಹುಲ್ಲು ಹಾಕಿ. ದಿನಾ ತಿನ್ನುವ ಅದೇ ಹುಲ್ಲು ಇರಲಿ, ಪ್ರಯಾಣಕ್ಕೆಂದು ಹೊಸದು ಬೇಡ. ಓಡುವ ಕಾರಿನಲ್ಲಿ ನೀರಿನ ಬಟ್ಟಲು ಚೆಲ್ಲುತ್ತದೆ. ಬಟ್ಟಲಿನಲ್ಲಿ ಕುಡಿದು ರೂಢಿಯಾದ ಮೊಲ ಬಾಟಲಿಯಲ್ಲಿ ಕುಡಿಯದೇ ಇರಬಹುದು. ದಿನಾ ತಿನ್ನುವ ಸೊಪ್ಪನ್ನೇ ನೀರಿನಲ್ಲಿ ತೊಳೆದು ಹಸಿಹಸಿಯಾಗಿ ಕೊಡಿ, ಕಾರು ನಿಲ್ಲಿಸಿದಾಗಲೆಲ್ಲ ಬಟ್ಟಲು ಇಡಿ. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ. ಓಡುವಾಗ ತಿನ್ನದ ಮೊಲ ಕಾರು ನಿಂತ ಮೇಲೆ ತಿನ್ನುವುದುಂಟು. ನಿಂತಾಗ ರಸ್ತೆ ಬದಿಯ ಹುಲ್ಲಿಗೆ ಮಾತ್ರ ಬಿಡಬೇಡಿ. ಅಲ್ಲಿ ಏನು ಸಿಂಪಡಿಸಿದ್ದಾರೋ ಗೊತ್ತಿರುವುದಿಲ್ಲ. ಹೆದರಿ ಒಮ್ಮೆ ಓಡಿದರೆ ಹಿಡಿಯುವುದೂ ಕಷ್ಟ.

ಇನ್ನು ಬಿಸಿ. ಇದು ಉಪವಾಸಕ್ಕಿಂತ ಬೇಗ ಕೊಲ್ಲುತ್ತದೆ. ಮೊಲ ನಮ್ಮಂತೆ ಬೆವರುವುದಿಲ್ಲ, ನಾಯಿಯಂತೆ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳಲೂ ಆಗುವುದಿಲ್ಲ. ಮುಖ್ಯವಾಗಿ ಕಿವಿಗಳ ಮೂಲಕವೇ ಬಿಸಿ ಹೊರಗೆ ಹೋಗಬೇಕು. 15ರಿಂದ 20 ಡಿಗ್ರಿ ಅದಕ್ಕೆ ಹಿತ. 25 ದಾಟಿದರೆ ಎಚ್ಚರ ಬೇಕು. ಹತ್ತಿಸುವ ಮೊದಲೇ ಏಸಿ ಹಾಕಿ ಕಾರು ತಂಪಾಗಿಸಿ, ಆದರೆ ಗಾಳಿ ನೇರವಾಗಿ ಮೊಲಕ್ಕೆ ಬಡಿಯದಿರಲಿ. ಕ್ಯಾರಿಯರ್ ಇಟ್ಟ ಬದಿಗೆ ಬಿಸಿಲು ಬೀಳುತ್ತಿದೆಯಾ ಎಂದು ಆಗಾಗ ನೋಡಿ. ರಸ್ತೆ ತಿರುಗಿದಂತೆ ಬಿಸಿಲೂ ಬದಿ ಬದಲಿಸುತ್ತದೆ, ಮುಂದೆ ಕೂತವರಿಗೆ ಅದು ತಿಳಿಯುವುದೇ ಇಲ್ಲ. "ಐದೇ ನಿಮಿಷ" ಎಂದು ಒಳಗೆ ಬಿಟ್ಟು ಹೋಗಬೇಡಿ. ಹೊರಗೆ ಹಿತವಾದ ಹವೆ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಹುದು. ಕಿವಿ ಕೆಂಪಾಗಿ ಸುಡುತ್ತಿದ್ದರೆ, ಮೂಗು ಬಾಯಿ ಒದ್ದೆಯಾಗಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಒಂದು ಕ್ಷಣವೂ ಕಾಯಬೇಡಿ. ಮೊಲ ಉಸಿರಾಡುವುದು ಮೂಗಿನಿಂದ. ಬಾಯಿ ತೆರೆದಿದೆ ಎಂದರೆ ಪರಿಸ್ಥಿತಿ ಕೈಮೀರುತ್ತಿದೆ. ಕಿವಿಗಳನ್ನು ತಂಪು ನೀರಿನಿಂದ ಒದ್ದೆ ಮಾಡುತ್ತಾ ನೇರ ಡಾಕ್ಟರ್ ಹತ್ತಿರ ಹೋಗಿ. ಐಸ್ ಬೇಡ, ಮೊಲವನ್ನು ನೀರಿನಲ್ಲಿ ಅದ್ದುವುದಂತೂ ಬೇಡವೇ ಬೇಡ.

ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವರನ್ನು ನೋಡಿದರೆ ನನಗೆ ಎದೆ ಝಲ್ ಎನ್ನುತ್ತದೆ. ಅದರ ಮೂಳೆಗಳು ತುಂಬ ಹಗುರ, ಮೈತೂಕದಲ್ಲಿ ಶೇಕಡಾ 7ರಿಂದ 8ರಷ್ಟೇ. ಹಿಂಗಾಲುಗಳಿಗೆ ಮಾತ್ರ ಭಾರೀ ಬಲ. ಒಂದು ಬ್ರೇಕಿಗೆ ಬೆಚ್ಚಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಗಟ್ಟಿ ಗೋಡೆಯ, ಗಾಳಿಯಾಡುವ ಕ್ಯಾರಿಯರ್ ಬೇಕು. ತಳದಲ್ಲಿ ಜಾರದ ಹಾಸು ಬೇಕು. ಪೇಪರ್ ಒಂದೇ ಹಾಸಿದರೆ ತಿರುವು ಬಂದಾಗಲೆಲ್ಲ ಕಾಲು ಜಾರುತ್ತದೆ, ಭಯ ಇನ್ನೂ ಜಾಸ್ತಿಯಾಗುತ್ತದೆ. ಕ್ಯಾರಿಯರ್ ಅನ್ನು ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಅಲುಗದಂತೆ ಕೂರಿಸಿ, ಇಲ್ಲವೇ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕಟ್ಟಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ, ಡಿಕ್ಕಿಯೂ ಬೇಡ. ಜೋಡಿ ಮೊಲಗಳಿದ್ದರೆ ಒಟ್ಟಿಗೇ ಇಡಿ, ಒಂದರ ಮೈಗೆ ಇನ್ನೊಂದು ಒತ್ತಿಕೊಂಡಿದ್ದರೆ ಧೈರ್ಯ.

ಮೊಲ ನೋಡುವ ಡಾಕ್ಟರ್ ಯಾರಿದ್ದಾರೆ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ತಲುಪುವ ಊರಿನಲ್ಲಿ ಮಾತ್ರವಲ್ಲ, ದಾರಿ ಮಧ್ಯದಲ್ಲೂ. "ಪ್ರಾಣಿಗಳ ಆಸ್ಪತ್ರೆನಾ" ಎಂದು ಕೇಳಿದರೆ ಸಾಲದು, "ಮೊಲ ನೋಡ್ತೀರಾ, ರಾತ್ರಿ ಇರ್ತೀರಾ" ಎಂದೇ ಕೇಳಬೇಕು. ಗೊತ್ತಿಲ್ಲದವರ ಕೈಯಲ್ಲಿ ಔಷಧಿಯೂ ಅಪಾಯ. ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ನಾಯಿಗಳಿಗೆ ಚಿಗಟಕ್ಕೆಂದು ಹಾಕುವ ಫಿಪ್ರೊನಿಲ್ ಮೊಲಕ್ಕೆ ವಿಷ. ಪ್ರಯಾಣದಲ್ಲಿ ನಿದ್ದೆ ಬರಲಿ ಎಂದು ಯಾವುದೋ ಮಾತ್ರೆ ಕೊಡುವವರೂ ಇದ್ದಾರೆ, ಅವರ ಮಾತಿಗೂ ಒಪ್ಪಬೇಡಿ.

ಕೆಲವೇ ದಿನಗಳ ತಿರುಗಾಟವಾದರೆ ಕರೆದೊಯ್ಯಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮೊಲಕ್ಕೆ ಊರು ನೋಡುವ ಆಸೆಯಿಲ್ಲ. ತನ್ನ ಜಾಗದಲ್ಲೇ ಇದ್ದು, ತಿಳಿದವರೊಬ್ಬರು ದಿನಕ್ಕೆ ಎರಡು ಸಲ ಬಂದು ನೋಡಿಕೊಂಡರೆ ಅದಕ್ಕೆ ಎಷ್ಟೋ ನೆಮ್ಮದಿ.

ಹೋಗಲೇಬೇಕಾಗಿ ಬಂದರೆ, ತಲುಪಿದ ಕೂಡಲೇ ಬೇರೆಲ್ಲ ಸಾಮಾನು ಬಿಟ್ಟು ಮೊದಲು ಮೊಲಕ್ಕೆ ಒಂದು ಮೂಲೆ ಮಾಡಿಕೊಡಿ. ಹಳೆಯ ಹಾಸು, ಹಳೆಯ ಬಟ್ಟಲು, ಅದೇ ಹುಲ್ಲು, ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ. ಎರಡು ದಿನ ಹಿಕ್ಕೆಗಳ ಮೇಲೆ ಕಣ್ಣಿಡಿ. ದುಂಡಗೆ, ದೊಡ್ಡದಾಗಿ, ಒಂದೇ ಗಾತ್ರದಲ್ಲಿದ್ದರೆ ಕರುಳು ನಡೆಯುತ್ತಿದೆ. ಸಣ್ಣಗಾಗಿದ್ದರೆ, ಕೂದಲಿನಲ್ಲಿ ಪೋಣಿಸಿದಂತೆ ಬಂದರೆ, ಇಲ್ಲವೇ ನಿಂತೇ ಹೋಗಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ.