ಮನೆ, ನಾಯಿ ನೋಡಿಕೊಂಡವರಿಗೆ ದುಡ್ಡೋ, ಉಡುಗೊರೆಯೋ?

ಶಿರಸಿ ಬಿಟ್ಟು ಹೋಗುವಾಗ ಪರಿಚಯದವರಿಗೆ ಬೀಗದ ಕೈ ಕೊಡುತ್ತೀರಿ, ಸರಿ. ದಿನಕ್ಕಿಷ್ಟು ಅಂತ ಕೊಡಬೇಕೋ, ಬರುವಾಗ ಏನಾದರೂ ತಂದರೆ ಸಾಕೋ?

ಖರ್ಚು ನೋಡಿದರೆ ಉಡುಗೊರೆ ಅಗ್ಗ. ಎರಡು ದಿನಕ್ಕೆ, ಪಕ್ಕದ ಮನೆಯವರೇ ಆದರೆ ಅದೇ ಚೆಂದ, ದುಡ್ಡು ಕೊಡಲು ಹೋದರೆ ಬೇಜಾರಾಗುತ್ತಾರೆ. ಆದರೆ ಮಳೆಗಾಲದಲ್ಲಿ ರಾತ್ರಿ ಅಲ್ಲೇ ಮಲಗಿ, ನಾಯಿಗೆ ಎರಡು ಹೊತ್ತು ಅನ್ನ ಬೇಯಿಸಿ ಹಾಕಿ, ಕಿವಿ ಸಂದಿಯ ಉಣುಗು ಹುಡುಕಿ ತೆಗೆಯುವವರಿಗೆ ದಿನದ ಲೆಕ್ಕವೇ ನ್ಯಾಯ. ಮೊದಲೇ ಮಾತಾಡಿ.

ಮನಸ್ತಾಪ ಜಾಸ್ತಿ ಆಗುವುದು ಮೇಲುಖರ್ಚಿನಲ್ಲಿ. ನಾಯಿಗೆ ವಾಂತಿ ಶುರುವಾಗಿ, ರಿಕ್ಷಾ, ಡಾಕ್ಟರ್, ಔಷಧಿ ಎಲ್ಲ ಅವರ ಕೈಯಿಂದ ಹೋದರೆ ಕೇಳಲು ಸಂಕೋಚ ಅಲ್ವಾ? ಹಾಗಾಗಿ ದಿನದ ಲೆಕ್ಕವೋ ಉಡುಗೊರೆಯೋ, ಯಾವುದೇ ಆದರೂ, ಮೇಲುಖರ್ಚಿಗೆ ಅಂತ ಒಂದಿಷ್ಟು ದುಡ್ಡು ಬೇರೆ ಕವರಿನಲ್ಲಿಟ್ಟು ಹೋಗಿ, ಬಿಲ್ಲಿನ ಫೋಟೊ ವಾಟ್ಸಾಪ್ ಮಾಡಲು ಹೇಳಿ.

ಕಾಲೇಜು ಹುಡುಗರಿಗೆ ದುಡ್ಡೇ ಕೊಡಿ. ನಿಮ್ಮ ಹಾಗೇ ನಾಯಿ ಸಾಕಿದವರಾದರೆ ಎರಡೂ ಬೇಡ, ಅವರು ಊರಿಗೆ ಹೋದಾಗ ನೀವು ನೋಡಿಕೊಳ್ಳಿ.