ಪಾರ್ ಲ್ಯಾಂಪ್ ಕೊಳ್ಳುವಾಗ ವಾಟ್ ಒಂದೇ ನೋಡಬೇಡಿ, ವೋಲ್ಟ್ ನೋಡಿ

ಎಲ್‌ಇಡಿ ಬಂದ ಮೇಲೆ ರಂಗದ ಬೆಳಕಿಗೆ ಬಳಸುವ, ಒಳಗೇ ಕನ್ನಡಿ ಇರುವ ಹಳೇ ಪಾರ್ 64 ಲ್ಯಾಂಪ್‌ಗಳು ಲಾಟ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತಿವೆ. ಬೆಂಗಳೂರಿನ ಹವ್ಯಾಸಿ ತಂಡಗಳು ದಯವಿಟ್ಟು ಹುಷಾರಾಗಿರಿ. ನಮ್ಮ ನಾಟಕದ ದಿನ ಆದದ್ದು ಬೇರೆಯವರಿಗೆ ಆಗಬಾರದು.

ನಾವೂ ಒಬ್ಬರ ಹತ್ತಿರ ಅಂಥ ಲ್ಯಾಂಪ್ ಕೊಂಡೆವು. ವೋಲ್ಟೇಜ್ ಎಷ್ಟು ಅಂತ ಕೇಳಿಯೇ ಕೊಂಡದ್ದು. "ನಮ್ಮ ಕರೆಂಟಿಗೇ ಸಾರ್, ಸಾವಿರ ವಾಟ್, ಕಣ್ಮುಚ್ಚಿ ಹಾಕಿ" ಅಂದರು. ಹೋಲ್ಡರಿಗೆ ಸರಿಯಾಗಿ ಕೂತವು. ರಿಹರ್ಸಲ್‌ನಲ್ಲಿ ಫೇಡರ್ (ಬೆಳಕು ಏರಿಳಿಸುವ ಹಿಡಿ) ಅರ್ಧಕ್ಕಿಂತ ಕೆಳಗೇ ಇತ್ತು. ಹಳೇ ಲ್ಯಾಂಪಿಗಿಂತ ಬೆಳ್ಳಗೆ, ಚೆನ್ನಾಗಿಯೇ ಉರಿದವು.

ಮೋಸ ಅಡಗಿದ್ದದ್ದು ಅಲ್ಲೇ. ಅವು ಅಮೆರಿಕದ ಕರೆಂಟಿಗೆ ಮಾಡಿದ 120 ವೋಲ್ಟಿನ ಲ್ಯಾಂಪ್‌ಗಳು. ಡಿಮ್ಮರ್ (ಫೇಡರಿನಂತೆ ಲ್ಯಾಂಪಿನ ಕರೆಂಟು ಏರಿಳಿಸುವ ಪೆಟ್ಟಿಗೆ) ಕೆಳಗಿದ್ದಾಗ ಅವಕ್ಕೆ ಹೋಗುವ ವೋಲ್ಟೇಜ್ ಕಡಿಮೆ, ಹಾಗಾಗಿ ಏನೂ ಆಗುವುದಿಲ್ಲ. ಫುಲ್ ಮಾಡಿದರೆ ನಮ್ಮ 230 ವೋಲ್ಟ್ ಪೂರಾ ಬೀಳುತ್ತದೆ. ಪ್ರದರ್ಶನದಲ್ಲಿ ಕತ್ತಲಿಂದ ಒಮ್ಮೆಲೇ ಬೆಳಕಿಗೆ ಬರುವ ದೃಶ್ಯವಿತ್ತು. ಫಟ್ ಅಂತ ನೀಲಿ ಮಿಂಚು, ಎಂಸಿಬಿ ಟ್ರಿಪ್, ಅರ್ಧ ರಂಗ ಕತ್ತಲು. ನಟಿ ಆ ಕತ್ತಲಲ್ಲೇ ಮಾತು ಮುಂದುವರಿಸಿದರು. ಆಮೇಲೆ ಇಳಿಸಿ ನೋಡಿದರೆ ಲ್ಯಾಂಪಿನ ಒಳಗಿನ ಕನ್ನಡಿ ಮಸಿ ಹಿಡಿದ ಲಾಟೀನು ಗಾಜಿನ ಹಾಗಾಗಿತ್ತು. ಡಿಮ್ಮರಿನ ಒಂದು ಚಾನೆಲ್‌ನ ಟ್ರಯಾಕ್ (ಕರೆಂಟು ಬಿಟ್ಟು ತಡೆಯುವ ಬಿಡಿಭಾಗ) ಶಾರ್ಟ್ ಆಗಿ, ಫೇಡರ್ ಸೊನ್ನೆಗೆ ತಂದರೂ ಆ ಚಾನೆಲ್ ಆರುತ್ತಲೇ ಇರಲಿಲ್ಲ. ಯಾರಿಗೂ ಗಾಯ ಆಗಲಿಲ್ಲ, ಅದೇ ಪುಣ್ಯ. ಮಾರಿದವರು ವಾಪಸ್ ತಗೊಳ್ಳಲೂ ಇಲ್ಲ.

ಲ್ಯಾಂಪಿನ ಮೇಲಿನ ಕೋಡ್ ಓದಿ. ಎಫ್‌ಎಫ್‌ಎನ್, ಎಫ್‌ಎಫ್‌ಪಿ, ಎಫ್‌ಎಫ್‌ಆರ್ ಅಂತಿದ್ದರೆ 120 ವೋಲ್ಟ್. ಸಿಪಿ 60, 61, 62 ನಮ್ಮ ಕಡೆಯವು. ಅದರಲ್ಲೂ 230, 240 ಅಂತ ಬೇರೆ ಬೇರೆ ಬರುತ್ತವೆ. 240ರ ಲ್ಯಾಂಪನ್ನು 230ಕ್ಕೆ ಹಾಕಿದರೆ ಬೆಳಕು ಶೇ 10ಕ್ಕಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಆದರೆ ಲ್ಯಾಂಪ್ ಹೆಚ್ಚು ದಿನ ಬಾಳುತ್ತದೆ. 230ರದ್ದನ್ನು 240ಕ್ಕೆ ಹಾಕಿದರೆ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕೆ ಬರುತ್ತದೆ. ಬಯಲು ರಂಗಮಂದಿರದಲ್ಲಿ ಜನರೇಟರ್ ಮೇಲೆ ಮಾಡುವವರು ಇದನ್ನು ಮರೆಯಬೇಡಿ. ಲ್ಯಾಂಪ್ ಹಾಕುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ.

"120ರದ್ದನ್ನು ಎರಡೆರಡು ಸೀರೀಸ್ ಮಾಡಿದರಾಯ್ತಲ್ಲ" ಅಂತ ಕೆಲವರು ಹೇಳುತ್ತಾರೆ. ಅಂದರೆ ಒಂದರ ಹಿಂದೊಂದು ಜೋಡಿಸಿ ವೋಲ್ಟ್ ಹಂಚುವುದು. ಎರಡೂ ಒಂದೇ ವಾಟಿನವಾದರೆ ನಡೆಯುತ್ತದೆ, ನಿಜ. ಆದರೆ ಒಂದು ಹೋದರೆ ಎರಡೂ ಆರುತ್ತವೆ. ಗಡಿಬಿಡಿಯಲ್ಲಿ ಯಾರೋ ಒಂದನ್ನು ನೇರವಾಗಿ ಪ್ಲಗ್ ಮಾಡಿದರೆ ಮತ್ತೆ ಅದೇ ಕಥೆ ಅಲ್ವಾ? ನಾನಂತೂ ಬೇಡ ಅಂತೀನಿ.

ಬಿಲ್ಲಿನಲ್ಲಿ ವೋಲ್ಟ್ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಲ್ಯಾಂಪ್ ಅಲ್ಲೇ ಬಿಟ್ಟು ಬನ್ನಿ.